ಕರುಣೆಯಿಲ್ಲದ ದಂಡನಾಯಕ: ರೋಲ್‌ಪ್ಲೇ ಆಟಕ್ಕೆ ಪಾತ್ರ ಕಟ್ಟುವ ಬಗೆ

ದಂಡನಾಯಕನ ಪಾತ್ರ ಆಡಬೇಕು ಅಂತ ಯಾರಾದರೂ ಬಂದು ಹೇಳಿದರೆ ನಾನು ಮೊದಲು ಕೇಳುವುದು ಒಂದೇ ಮಾತು. ಅವನು ಯಾರ ಅನ್ನ ತಿಂದಿದ್ದಾನೆ?

ಬಹಳ ಜನ ಇದಕ್ಕೆ ಉತ್ತರ ಇಟ್ಟುಕೊಂಡು ಬಂದಿರುವುದಿಲ್ಲ. ಕತ್ತಿ ಎಷ್ಟು ಉದ್ದ, ಕವಚದ ಬಣ್ಣ ಯಾವುದು, ಮುಖದ ಮೇಲಿನ ಗಾಯದ ಗುರುತು ಯಾವ ಕಡೆ, ಕುದುರೆಯ ಹೆಸರೇನು, ಇದೆಲ್ಲ ಬರೆದು ತಂದಿರುತ್ತಾರೆ. ಆಟ ಶುರುವಾದ ಮೇಲೆ ಆ ದಂಡನಾಯಕ ಸಿಕ್ಕಸಿಕ್ಕವರ ಮೇಲೆ ಕೂಗುತ್ತಾನೆ, ಸೆರೆ ಸಿಕ್ಕವರನ್ನೆಲ್ಲ ಕೊಲ್ಲುತ್ತಾನೆ, ಎರಡನೇ ವಾರಕ್ಕೆ ಎಲ್ಲರಿಗೂ ಬೇಜಾರು. ನಾನು ಕಟ್ಟಿದ ಮೊದಲ ಸೇನಾಪತಿಯೂ ಹೀಗೇ ಇದ್ದ. ಮೂರು ಸೆಷನ್ ಆದ ಮೇಲೆ ಪಕ್ಕದಲ್ಲಿ ಕೂತಿದ್ದ ಗೆಳತಿ, "ಮಾರಾಯ, ನಿನ್ನ ಸೇನಾಪತಿ ಬಾಯಿ ತೆರೆದರೆ ಎಂತ ಹೇಳ್ತಾನೆ ಅಂತ ನಂಗೆ ಮೊದ್ಲೇ ಗೊತ್ತಾಗ್ತದೆ" ಅಂದಳು. ಮಾತು ಚುಚ್ಚಿತು, ಆದರೆ ಅವಳು ಹೇಳಿದ್ದು ಸರಿ ಇತ್ತು. ಅಲ್ಲಿಂದ ಈಚೆಗೆ ಉಡುಪಿಯ ನಮ್ಮ ಭಾನುವಾರದ ಗುಂಪಿನಲ್ಲಿ ಆಡುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಆಟ ಹೊಸದು ಅನ್ನುವವರಿಗೆ ನಮ್ಮ ಕಡೆ ವಿವರಿಸುವುದು ಬಹಳ ಸುಲಭ. ತಾಳಮದ್ದಲೆ ನೋಡಿದ್ದೀರಲ್ವಾ? ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ, ಎದುರಿನವರು ಏನು ಹೇಳುತ್ತಾರೋ ಅದಕ್ಕೆ ಅಲ್ಲೇ ಉತ್ತರ ಕೊಡಬೇಕು. ರೋಲ್‌ಪ್ಲೇ ಆಟವೂ ಹಾಗೇ. ಭಾಗವತರ ಜಾಗದಲ್ಲಿ ಕತೆ ನಡೆಸುವ ಗೇಮ್ ಮಾಸ್ಟರ್. ಒಂದೇ ದೊಡ್ಡ ವ್ಯತ್ಯಾಸ ಅಂದರೆ, ತಾಳಮದ್ದಲೆಯಲ್ಲಿ ಎಷ್ಟೇ ಚಂದ ವಾದ ಮಾಡಿದರೂ ವಾಲಿ ಕೊನೆಗೆ ಸಾಯಲೇಬೇಕು, ಇಲ್ಲಿ ಕೊನೆ ಏನಾಗುತ್ತದೆ ಅನ್ನುವುದು ದಾಳದ ಕೈಯಲ್ಲಿ ಮತ್ತು ನಮ್ಮ ಕೈಯಲ್ಲಿ ಇರುತ್ತದೆ.

ಇನ್ನೊಂದು ವಿಷಯ. ರೋಲ್‌ಪ್ಲೇ ಆಟಗಳಲ್ಲಿ ಹೆಸರಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಬಂದಾಗ ಅದು ಹುಟ್ಟಿದ್ದೇ ಯುದ್ಧದ ಬೊಂಬೆಗಳನ್ನಿಟ್ಟು ಆಡುವ ಆಟದಿಂದ. ಅಲ್ಲಿ ಆಟಗಾರ ಇಡೀ ಸೈನ್ಯವನ್ನು ಮೇಲಿನಿಂದ ನಡೆಸುತ್ತಿದ್ದ. ಆಮೇಲೆ ಒಬ್ಬ ಆಟಗಾರನಿಗೆ ಒಬ್ಬನೇ ಮನುಷ್ಯ ಅಂತ ಆಯಿತು. ದಂಡನಾಯಕನ ಪಾತ್ರದಲ್ಲಿ ಈ ಎರಡೂ ಸೇರಿಕೊಂಡಿವೆ. ಅವನು ಒಬ್ಬನೇ ಮನುಷ್ಯ, ಆದರೆ ಅವನ ಕಣ್ಣಿಗೆ ಉಳಿದವರು ಎಷ್ಟೋ ಸಲ ಬೊಂಬೆಗಳಾಗಿ ಕಾಣುತ್ತಾರೆ. ಅವನ ಕ್ರೌರ್ಯ ಇರುವುದೇ ಅಲ್ಲಿ.

ಮೊದಲ ಹೆಜ್ಜೆ: ಋಣ

ಹಳೆಯ ಕನ್ನಡದಲ್ಲಿ ಎರಡು ಮಾತು ಇವೆ, ಜೋಳವಾಳಿ ಮತ್ತು ವೇಳೆವಾಳಿ. ಒಡೆಯ ಕೊಟ್ಟ ಜೋಳ ತಿಂದದ್ದಕ್ಕೆ ಪ್ರಾಣ ಕೊಟ್ಟು ಋಣ ತೀರಿಸುವುದು ಜೋಳವಾಳಿ. ಒಡೆಯ ಸತ್ತರೆ ನಾನೂ ಉಳಿಯುವುದಿಲ್ಲ ಅಂತ ಆಣೆ ಇಡುವುದು ವೇಳೆವಾಳಿ. ಇದು ಬರೀ ಕಾವ್ಯದ ಮಾತಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಹತ್ತಿರ ಗರುಡಗಂಬ ಇದೆ. ಇಮ್ಮಡಿ ಬಲ್ಲಾಳನ ಆಪ್ತನಾಗಿದ್ದ ಕುವರ ಲಕ್ಷ್ಮ, ದೊರೆ ಹೋದ ಮೇಲೆ ಹೆಂಡತಿ ಮತ್ತು ಸಂಗಡಿಗರ ಜೊತೆ ಪ್ರಾಣ ಬಿಟ್ಟದ್ದರ ನೆನಪಿಗೆ ನಿಲ್ಲಿಸಿದ ಕಂಬ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರನ್ನು ಅದರ ಮೇಲೆ ಕೆತ್ತಿದ್ದಾರೆ. ಹಳೇಬೀಡಿಗೆ ಹೋದರೆ ಆ ಕಂಬದ ಮುಂದೆ ಐದು ನಿಮಿಷ ಸುಮ್ನೆ ನಿಂತು ನೋಡಿ. ತನ್ನ ತಲೆಯನ್ನೇ ಒಡೆಯನಿಗೆ ಬರೆದುಕೊಟ್ಟವನು ಬೇರೆಯವರ ತಲೆಯ ಬಗ್ಗೆ ಎಷ್ಟು ಯೋಚನೆ ಮಾಡಿಯಾನು?

ನಿಮ್ಮ ದಂಡನಾಯಕನ ಋಣ ಯಾವುದು ಅಂತ ಎರಡೇ ಸಾಲಿನಲ್ಲಿ ಬರೆಯಿರಿ. ಹಸಿದಾಗ ಅನ್ನ ಹಾಕಿದವರು ಯಾರು, ಜೀವ ಉಳಿಸಿದವರು ಯಾರು, ಹೆಸರು ಕೊಟ್ಟವರು ಯಾರು. "ಅವನಿಗೆ ಅಧಿಕಾರದ ಆಸೆ" ಅಂತ ಮಾತ್ರ ಬರೆದರೆ ಸಾಲದು, ಆಸೆ ಎಲ್ಲರಿಗೂ ಇರುತ್ತದೆ.

ನನ್ನ ಈಗಿನ ಪಾತ್ರದ ಹೆಸರು ದುಗ್ಗಣ್ಣ. ಕಡಲ ಕರೆಯ ಒಂದು ಕಲ್ಪನೆಯ ರಾಜ್ಯದ ದಂಡನಾಯಕ, ಅರಸನ ಮಗ. ಆದರೆ ಆ ರಾಜ್ಯದಲ್ಲಿ ನಮ್ಮ ತುಳುನಾಡಿನ ಹಾಗೆ ಅಳಿಯಕಟ್ಟು. ಪಟ್ಟ ಹೋಗುವುದು ಅರಸನ ತಂಗಿಯ ಮಗನಿಗೆ. ಉಳ್ಳಾಲದ ಅಬ್ಬಕ್ಕ ಪಟ್ಟಕ್ಕೆ ಬಂದದ್ದೂ ಸೋದರಮಾವನಿಂದಲೇ ಅಲ್ವಾ? ಹಾಗಾಗಿ ದುಗ್ಗಣ್ಣ ಎಷ್ಟು ಕೋಟೆ ಗೆದ್ದರೂ ಗದ್ದುಗೆ ಮಾತ್ರ ಅವನದಲ್ಲ. ಅವನು ಕತ್ತಿ ಹಿಡಿದು ಕಾಯುತ್ತಿರುವುದು ತನ್ನ ಭಾವನ ಪಟ್ಟವನ್ನು. ಆಸ್ಥಾನದಲ್ಲಿ ಅವನು ತಂದೆಯನ್ನು "ಒಡೆಯಾ" ಅನ್ನುತ್ತಾನೆ, "ಅಪ್ಪ" ಅಂದದ್ದೇ ಇಲ್ಲ. ಇಷ್ಟನ್ನು ನಿರ್ಧಾರ ಮಾಡಿದ ದಿನ ಪಾತ್ರದ ಅರ್ಧ ಕೆಲಸ ಮುಗಿಯಿತು. ಅವನು ಯಾಕೆ ನಗುವುದಿಲ್ಲ, ಯಾಕೆ ತಪ್ಪು ಮಾಡಲು ಹೆದರುತ್ತಾನೆ, "ಮಗನಿಗೆ ಪಟ್ಟದ ಮೇಲೆ ಕಣ್ಣು" ಅಂತ ಪಿಸುಗುಟ್ಟಿದವರನ್ನು ಯಾಕೆ ಎಲ್ಲರಿಗಿಂತ ಜೋರಾಗಿ ಶಿಕ್ಷಿಸುತ್ತಾನೆ, ಎಲ್ಲವೂ ತಾನಾಗಿಯೇ ಬಂತು.

ಅರಸ ದುರ್ಬಲ, ದಂಡನಾಯಕನೇ ಎಲ್ಲ ಅನ್ನುವ ದಾರಿಯೂ ಇದೆ. 18ನೇ ಶತಮಾನದ ಮೈಸೂರಿನಲ್ಲಿ ದಳವಾಯಿಗಳ ಕೈಯಲ್ಲೇ ಆಡಳಿತ ಇತ್ತು, ಅರಸರು ಹೆಸರಿಗೆ ಮಾತ್ರ. ಅಂಥ ಪಾತ್ರ ಬೇಕಾದರೆ "ದಳವಾಯಿ" ಅಂತಲೇ ಕರೆಯಿರಿ. ಆ ಶಬ್ದವೇ ಅರ್ಧ ಕತೆ ಹೇಳುತ್ತದೆ.

ಎರಡನೇ ಹೆಜ್ಜೆ: ಲೆಕ್ಕ ಹೇಗೆ ಹಾಕುತ್ತಾನೆ

ಸಿಟ್ಟಿನಲ್ಲಿ ಕೊಲ್ಲುವವನು ಕ್ರೂರಿ ಇರಬಹುದು, ಆದರೆ ಅವನನ್ನು ಕಂಡರೆ ಬೆನ್ನುಹುರಿ ತಣ್ಣಗಾಗುವುದಿಲ್ಲ. ಲೆಕ್ಕ ಹಾಕಿ ಕೊಲ್ಲುವವನನ್ನು ಕಂಡರೆ ಆಗುತ್ತದೆ. ಹಾಗಾಗಿ ಅವನ ಲೆಕ್ಕ ಮೇಜಿನ ಮೇಲೆ ಎಲ್ಲರಿಗೂ ಕಾಣಬೇಕು.

ಕಳೆದ ಮಳೆಗಾಲದಲ್ಲಿ ನಾವು ಆಡಿದ ಒಂದು ದೃಶ್ಯ ಹೇಳುತ್ತೇನೆ. ಹೊರಗೆ ಜೋರು ಮಳೆ, ಕರೆಂಟು ಹೋಗಿತ್ತು, ಮೊಬೈಲ್ ಬೆಳಕಿನಲ್ಲಿ ದಾಳ ಹಾಕುತ್ತಿದ್ದೆವು. ಆಟದಲ್ಲಿ ನದಿ ದಾಟಿ ಹಿಂದೆ ಬರುತ್ತಿರುವ ನಮ್ಮ ಸೈನ್ಯ, ಬೆನ್ನಿಗೆ ಶತ್ರು. ಆಚೆ ದಡದಲ್ಲಿ ಇನ್ನೂ ನಮ್ಮವರು ಉಳಿದಿದ್ದಾರೆ. ದೋಣಿಗಳನ್ನು ಮತ್ತೆ ಆಚೆ ಕಳಿಸಿದರೆ ಅವು ಶತ್ರುವಿನ ಕೈಗೆ ಸಿಗುತ್ತವೆ, ಆಗ ಅವನಿಗೂ ದಾಟಲು ದಾರಿ ಆಗುತ್ತದೆ. ದುಗ್ಗಣ್ಣ ಕೇಳಿದ್ದು ಇಷ್ಟೇ.

"ಆಚೆ ಎಷ್ಟು ಜನ?"

"ಅರವತ್ತೆರಡು, ಒಡೆಯಾ."

"ಹೆಸರು ಬರೆದುಕೊಂಡಿದ್ದೀಯಾ?"

"ಬರೆದಿದ್ದೇನೆ."

"ಪುಸ್ತಕ ನೆನೆಯದ ಹಾಗೆ ಇಟ್ಟುಕೋ. ದೋಣಿ ಸುಡಿ."

ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ಯಾಕೆಂದರೆ ಲೆಕ್ಕ ಎಲ್ಲರಿಗೂ ಅರ್ಥವಾಗಿತ್ತು, ಅದು ತಪ್ಪು ಅಂತ ಹೇಳಲು ಯಾರಿಗೂ ಬಾಯಿ ಬರಲಿಲ್ಲ, ಆದರೆ ಒಪ್ಪಿಕೊಳ್ಳಲೂ ಆಗುತ್ತಿರಲಿಲ್ಲ. ನಿಮ್ಮ ದಂಡನಾಯಕ ಮುಟ್ಟಬೇಕಾದ ಜಾಗ ಇದು.

ಮುಂದಿನ ವಾರ ದುಗ್ಗಣ್ಣ ಆ ಅರವತ್ತೆರಡು ಮನೆಗೂ ಒಂದೊಂದು ಮುಡಿ ಅಕ್ಕಿ ಕಳಿಸಿದ. ಒಂದು ಮನೆಗೆ ತಾನೇ ಹೋದ. ಗೇಮ್ ಮಾಸ್ಟರ್ ಆ ಮನೆಯ ತಾಯಿಯಾಗಿ ಮಾತಾಡಿದರು. ಅವಳು ಒಳಗೆ ಹೋಗಿ ಕತ್ತಿ ತಂದು ಮುಡಿಯ ಹಗ್ಗ ಕೊಯ್ದಳು. ಬೈಹುಲ್ಲು ಬಿಚ್ಚಿಕೊಂಡು ಅಕ್ಕಿ ಅಂಗಳದ ಕೆಸರಿಗೆ ಸುರಿಯಿತು. ನಾನು ಏನು ಮಾಡಬೇಕು? ಸಿಟ್ಟು ಮಾಡಿಕೊಂಡರೆ ಪಾತ್ರ ಸಣ್ಣದಾಗುತ್ತದೆ. ಕ್ಷಮೆ ಕೇಳಿದರೆ ದೋಣಿ ಸುಟ್ಟದ್ದೇ ಸುಳ್ಳಾಗುತ್ತದೆ. ದುಗ್ಗಣ್ಣ ಕೂತು, ಕೆಸರಿನಿಂದ ಅಕ್ಕಿಯನ್ನು ಕೈಯಲ್ಲಿ ಬಾಚಿ ಮೇಲುವಸ್ತ್ರಕ್ಕೆ ತುಂಬಿಸಿಕೊಂಡ, ಒಂದು ಮಾತೂ ಆಡದೆ ಹೊರಟ, ದಣಪೆ ದಾಟುವಾಗ ಗುಮಾಸ್ತನಿಗೆ "ಬರುವ ವರ್ಷವೂ ಈ ಮನೆಗೆ ಕಳಿಸು" ಅಂದ.

ಮೂರನೇ ಹೆಜ್ಜೆ: ಅವನಿಂದ ಆಗದ್ದು ಏನು

ಏನು ಬೇಕಾದರೂ ಮಾಡುವವನಿಗೆ ಮುಖ ಇರುವುದಿಲ್ಲ. ಅವನಿಂದ ಆಗದ ಎರಡು ಕೆಲಸ ಬರೆದಿಡಿ, ಕಾರಣದ ಜೊತೆ.

ಕೌರವರ ಸೇನಾಪತಿಗಳನ್ನೇ ನೋಡಿ. ಭೀಷ್ಮ 10 ದಿನ, ದ್ರೋಣ 5 ದಿನ, ಕರ್ಣ 2 ದಿನ, ಶಲ್ಯ ಅರ್ಧ ದಿನ. ಭೀಷ್ಮನಿಗೂ ದ್ರೋಣನಿಗೂ ಒಂದೊಂದು ಕಟ್ಟು ಇತ್ತು, ಅಲ್ಲಿಂದಲೇ ಸೋಲು ಬಂತು. ಭೀಷ್ಮ ಶಿಖಂಡಿಯ ಎದುರು ಬಿಲ್ಲೆತ್ತುವುದಿಲ್ಲ ಅಂದಿದ್ದ, ಪಾಂಡವರು ಶಿಖಂಡಿಯನ್ನೇ ಮುಂದೆ ನಿಲ್ಲಿಸಿದರು. ದ್ರೋಣನಿಗೆ ಮಗನೇ ಜೀವ, ಮಗ ಸತ್ತ ಅಂತ ಕೇಳಿದ ಕೂಡಲೇ ಶಸ್ತ್ರ ಕೆಳಗಿಟ್ಟ. ಎಲ್ಲರೂ ಹೋದ ಮೇಲೆ ಅಶ್ವತ್ಥಾಮನಿಗೆ ಪಟ್ಟ ಬಂತು. ಅವನಿಗೆ ಯಾವ ಕಟ್ಟೂ ಉಳಿದಿರಲಿಲ್ಲ. ರಾತ್ರಿ ನುಗ್ಗಿ ಮಲಗಿದ್ದವರನ್ನು ಕೊಂದ. ಅಲ್ಲಿಗೆ ಅವನ ಕತೆ ಮುಗಿದ ಹಾಗೆಯೇ, ಆಮೇಲೆ ಉಳಿದದ್ದು ಶಾಪ ಹೊತ್ತು ಅಲೆಯುವುದು ಮಾತ್ರ.

ನಿಮ್ಮ ಪಾತ್ರದ ಕಟ್ಟು ಅಂದರೆ ಗೇಮ್ ಮಾಸ್ಟರ್‌ಗೆ ನೀವೇ ಕೊಡುವ ಬೀಗದ ಕೈ. ಮುಚ್ಚಿಡಬೇಡಿ, ಅವರಿಗೆ ಮೊದಲೇ ಹೇಳಿ. ದುಗ್ಗಣ್ಣ ತನಗೆ ಉಪ್ಪು ಕೊಟ್ಟು ಊಟ ಹಾಕಿದ ಮನೆಗೆ ಬೆಂಕಿ ಇಡುವುದಿಲ್ಲ. ಇದು ಗೊತ್ತಿದ್ದ ಗೇಮ್ ಮಾಸ್ಟರ್ ಒಂದು ಸಲ ದಂಗೆಯ ನಾಯಕನ ಮನೆಯಲ್ಲಿಯೇ ದುಗ್ಗಣ್ಣನಿಗೆ ಗಂಜಿ ಬಡಿಸಿದರು. ಬಟ್ಟಲು ಮುಂದೆ ಬಂದಾಗ ಮಾತ್ರ ನನಗೆ ಅದು ಯಾರ ಮನೆ ಅಂತ ಗೊತ್ತಾದದ್ದು.

ಮಾತು: ಕೂಗಬೇಡಿ

ಬಯಲಾಟದಲ್ಲಿ ಬಣ್ಣದ ವೇಷಕ್ಕೆ ಆರ್ಭಟ ಬೇಕು. ಗದ್ದೆಯ ಆಚೆ ತುದಿಯಲ್ಲಿ ಕೂತವರಿಗೂ ರಾಕ್ಷಸ ಬಂದ ಅಂತ ಗೊತ್ತಾಗಬೇಕು. ಆದರೆ ಮೇಜಿನ ಸುತ್ತ ಐದೇ ಜನ. ಇಲ್ಲಿ ಕಲಿಯಬೇಕಾದದ್ದು ತಾಳಮದ್ದಲೆಯ ಅರ್ಥಗಾರಿಕೆ. ಒಳ್ಳೆಯ ಅರ್ಥಧಾರಿ ಮಾಗಧನ (ಜರಾಸಂಧನ) ಪಾತ್ರಕ್ಕೋ ಕೌರವನ ಪಾತ್ರಕ್ಕೋ ಕೂತರೆ "ನಾನು ಕೆಟ್ಟವನು" ಅಂತ ಒಂದು ಕ್ಷಣವೂ ಮಾತಾಡುವುದಿಲ್ಲ. ತನ್ನ ಪಕ್ಷದ ನ್ಯಾಯವನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತಾನೆ ಅಂದರೆ ಎದುರು ಕೂತ ಕೃಷ್ಣನೂ ಬೆವರಬೇಕು. ದಂಡನಾಯಕ ಆಡುವವರು ಒಂದು ಮಳೆಗಾಲ ಹತ್ತಿರದ ಕೂಟಗಳಿಗೆ ಹೋಗಿ ಕೂತರೆ ಸಾಕು, ಯಾವ ಯೂಟ್ಯೂಬ್ ಪಾಠವೂ ಅಷ್ಟು ಕಲಿಸುವುದಿಲ್ಲ.

ನಾನು ಪಾಲಿಸುವ ಕೆಲವು ಪದ್ಧತಿ ಹೇಳುತ್ತೇನೆ. ಅಪ್ಪಣೆಯನ್ನು ಎರಡನೇ ಸಲ ಹೇಳುವುದಿಲ್ಲ. ಬೆದರಿಕೆ ಹಾಕಿದರೆ ಮಾಡಿಯೇ ತೀರಬೇಕು, ಮಾಡದಿದ್ದರೆ ಹಾಕಲೇಬಾರದು. ಸಿಪಾಯಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ, ಅವರ ಊರು ಯಾವುದು ಅಂತಲೂ ಅವನಿಗೆ ನೆನಪಿರುತ್ತದೆ, ಅದು ಪ್ರೀತಿಗೋ ಹೆದರಿಸುವುದಕ್ಕೋ ಅಂತ ಅವರಿಗೆ ಗೊತ್ತಾಗುವುದಿಲ್ಲ.

ಮತ್ತೆ, ಕನ್ನಡದಲ್ಲಿ ಆಡುವ ನಮಗೆ ನೀನು, ನೀವು ಎರಡೂ ಇವೆಯಲ್ಲ, ಅದನ್ನು ಬಿಡಬೇಡಿ. ದುಗ್ಗಣ್ಣ ತನ್ನವರನ್ನೆಲ್ಲ "ನೀನು" ಅನ್ನುತ್ತಾನೆ. ಒಂದು ದಿನ ಉಗ್ರಾಣದ ಅಧಿಕಾರಿ ಸುಳ್ಳು ಲೆಕ್ಕ ತಂದ. ದುಗ್ಗಣ್ಣ ಪುಸ್ತಕ ಮುಚ್ಚಿ, "ನೀವು ಕೂತ್ಕೊಳ್ಳಿ" ಅಂದ. ಅಷ್ಟೇ. ಆ ಪಾತ್ರ ಆಡುತ್ತಿದ್ದ ಹುಡುಗ ತಿನ್ನುತ್ತಿದ್ದ ಗೋಳಿಬಜೆಯನ್ನು ತಟ್ಟೆಗೆ ವಾಪಸ್ ಇಟ್ಟ.

ಬಿರುದು

ಇದು ಸಣ್ಣ ವಿಷಯ, ಆದರೆ ಬಹಳ ಕೆಲಸಕ್ಕೆ ಬರುತ್ತದೆ. ಗಂಗರ ದಂಡನಾಯಕ ಚಾವುಂಡರಾಯನಿಗೆ ಸಮರ ಪರಶುರಾಮ, ವೀರ ಮಾರ್ತಾಂಡ ಅಂತೆಲ್ಲ ಬಿರುದು ಇತ್ತು. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದವನೂ ಅವನೇ, ಸುಮಾರು 981ರಲ್ಲಿ. ಅಷ್ಟು ಯುದ್ಧ ಮಾಡಿದ ಕೈ, ಎಲ್ಲವನ್ನೂ ಬಿಟ್ಟು ನಿಂತವನ ಮೂರ್ತಿ ಮಾಡಿಸಿತು. ಒಬ್ಬ ಮನುಷ್ಯನೊಳಗೆ ಎಷ್ಟು ಜಾಗ ಇರುತ್ತದೆ ಅಂತ ನೋಡಿ.

ನಿಮ್ಮವನಿಗೂ ಎರಡು ಹೆಸರು ಕೊಡಿ. ಆಸ್ಥಾನದಲ್ಲಿ ಹೊಗಳುಭಟರು ಕೂಗುವ ಬಿರುದು ಒಂದು. ಊರಿನವರು ಹಿಂದಿನಿಂದ ಕರೆಯುವ ಹೆಸರು ಇನ್ನೊಂದು. ನನ್ನವನು ಆಸ್ಥಾನದಲ್ಲಿ "ಪಡುಗಡಲ ಗಂಡ", ಊರಿನಲ್ಲಿ "ದೋಣಿ ದುಗ್ಗಣ್ಣ".

ಅಕ್ಕಿ ಎಷ್ಟು ಬೇಕು ಅಂತ ಗೊತ್ತಿರಲಿ

ದಂಡನಾಯಕನ ದಿನದ ಬಹುಪಾಲು ಹೋಗುವುದು ಕತ್ತಿಯಲ್ಲಿ ಅಲ್ಲ, ಊಟದ ಚಿಂತೆಯಲ್ಲಿ. ನಾನು ಆಟಕ್ಕೆ ಇಟ್ಟುಕೊಂಡ ಲೆಕ್ಕ ಹೀಗೆ. ಒಬ್ಬನಿಗೆ ದಿನಕ್ಕೆ ಮುಕ್ಕಾಲು ಕಿಲೋ ಅಕ್ಕಿ. 1000 ಜನರಿಗೆ 750 ಕಿಲೋ, ಅಂದರೆ 50 ಕಿಲೋದ 15 ಚೀಲ. ತಿಂಗಳಿಗೆ 450 ಚೀಲ. ಒಂದು ಎತ್ತು 100 ಕಿಲೋ ಹೊರುತ್ತದೆ ಅಂತ ಇಟ್ಟುಕೊಂಡರೂ 225 ಎತ್ತು ಬೇಕು, ಆ ಎತ್ತುಗಳಿಗೆ ಹುಲ್ಲು ಬೇಕು, ಕಾಯಲು ಜನ ಬೇಕು. ಹಿಂದಿನ ಕಾಲದಲ್ಲಿ ದಖ್ಖನ್ನಿನ ಸೈನ್ಯಗಳಿಗೆ ಲಂಬಾಣಿಗರು ಎತ್ತುಗಳ ಮೇಲೆ ಧಾನ್ಯ ತಂದು ಕೊಡುತ್ತಿದ್ದುದು ಇದಕ್ಕೇ. ಇದನ್ನು ಆಟಕ್ಕೆ ತಂದರೆ ಕ್ರೌರ್ಯಕ್ಕೆ ಕಾರಣ ತಾನಾಗಿ ಹುಟ್ಟುತ್ತದೆ. ಹತ್ತು ದಿನದ ಅಕ್ಕಿ ಇದೆ, ಸೆರೆ ಸಿಕ್ಕವರು 300 ಜನ. ಈಗ ಏನು ಮಾಡುತ್ತೀರಿ?

ನಮ್ಮ ಮಂಗಳೂರಿನಲ್ಲಿಯೇ ಆದ ಕತೆ ಇದೆ. 1783ರ ಮೇ ತಿಂಗಳಿಂದ 1784ರ ಜನವರಿವರೆಗೆ ಟಿಪ್ಪು ಸುಲ್ತಾನನ ಸೈನ್ಯ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿತ್ತು. ಒಳಗಿದ್ದ ಬ್ರಿಟಿಷ್ ಪಡೆಯನ್ನು ಕೊನೆಗೆ ಮಣಿಸಿದ್ದು ಹಸಿವು ಮತ್ತು ರೋಗ. ಇಂಥ ಮುತ್ತಿಗೆಯನ್ನು ಆಟದಲ್ಲಿ ಮೂರು ಸೆಷನ್ ಆಡಿ ನೋಡಿ. ಕೋಟೆಯ ಒಳಗಿನಿಂದ ಆಡುವುದು ಇನ್ನೂ ಒಳ್ಳೆಯದು, ಅನ್ನದ ಅಳತೆ ಕಡಿಮೆ ಮಾಡುವ ಅಪ್ಪಣೆಯನ್ನು ನಿಮ್ಮ ಬಾಯಿಂದಲೇ ಹೇಳಬೇಕಾಗುತ್ತದೆ. ಮಳೆಯನ್ನೂ ಮರೆಯಬೇಡಿ. ಜೂನ್ ಬಂದರೆ ಕಡಲು ಮುಚ್ಚುತ್ತದೆ, ಘಾಟಿಯ ದಾರಿ ಕುಸಿಯುತ್ತದೆ, ಯುದ್ಧ ಬೇಕು ಅಂದರೂ ನಡೆಯುವುದಿಲ್ಲ.

ಕ್ಯಾರೆಕ್ಟರ್ ಶೀಟ್

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯಲ್ಲಿ 15, 14, 13, 12, 10, 8 ಅಂತ ಆರು ಅಂಕಗಳನ್ನು ಪಾತ್ರದ ಆರು ಗುಣಗಳಿಗೆ ಹಂಚಿಕೊಳ್ಳಬಹುದು. ದಂಡನಾಯಕ ಅಂದ ಕೂಡಲೇ ಎಲ್ಲರೂ 15ನ್ನು ಸ್ಟ್ರೆಂತ್‌ಗೆ, ಅಂದರೆ ಮೈಬಲಕ್ಕೆ, ಹಾಕುತ್ತಾರೆ. ಬೇಡ. ಹೆದರಿಸುವ ಕೌಶಲ ಬರುವುದು ಕರಿಷ್ಮಾದಿಂದ, ಅಂದರೆ ವ್ಯಕ್ತಿತ್ವದ ಪ್ರಭಾವದಿಂದ, ಅದಕ್ಕೆ ಹಾಕಿ. 14 ಇಂಟೆಲಿಜೆನ್ಸ್‌ಗೆ. ಮತ್ತೆ ನನ್ನ ಮಾತು ಕೇಳಿ, 8ನ್ನು ವಿಸ್ಡಮ್‌ಗೆ ಇಡಿ. ಎದುರಿನವರ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯುವ ಇನ್‌ಸೈಟ್ ಇರುವುದು ಅಲ್ಲಿ. ಚೀಲ, ಎತ್ತು, ದೋಣಿ ಎಲ್ಲದರ ಲೆಕ್ಕ ಗೊತ್ತಿರುವವನಿಗೆ ಪಕ್ಕದಲ್ಲಿ ನಿಂತವನ ಕಣ್ಣು ಓದಲು ಬರುವುದಿಲ್ಲ. ಉಳಿದ ಅಂಕ ಹೇಗೆ ಬೇಕಾದರೂ ಹಾಕಿ.

ಮೇಜಿನ ಸುತ್ತ ಇರುವವರು

ಇದರಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಪಾತ್ರ ನಿಷ್ಕರುಣಿ ಇರಬಹುದು, ಆಡುವವರು ಇರಬಾರದು. ಆಟ ಶುರುವಾಗುವ ಮೊದಲು ಒಂದು ದಿನ ಕೂತು ಮಾತಾಡಿ. ಯಾವ ವಿಷಯ ಆಟದಲ್ಲಿ ಬರಲೇಬಾರದು, ಯಾವುದು ನಡೆದರೂ ಪರದೆಯ ಹಿಂದೆ ನಡೆಯಬೇಕು ಅಂತ ಪಟ್ಟಿ ಮಾಡಿ. ನಮ್ಮಲ್ಲಿ ಮಕ್ಕಳ ಮೇಲಿನ ಹಿಂಸೆ ಮತ್ತು ಅತ್ಯಾಚಾರ ಆಟಕ್ಕೆ ಬರುವುದೇ ಇಲ್ಲ. ಚಿತ್ರಹಿಂಸೆ ಬಂದರೆ "ಬೆಳಗಾಯಿತು" ಅಂತ ದೃಶ್ಯ ಮುಂದೆ ಹೋಗುತ್ತದೆ. ಮೇಜಿನ ಮಧ್ಯೆ ಎಕ್ಸ್ ಗುರುತಿನ ಒಂದು ಕಾರ್ಡ್ ಇರುತ್ತದೆ. ಯಾರಾದರೂ ಮುಟ್ಟಿದರೆ ಆ ದೃಶ್ಯ ಅಲ್ಲಿಗೆ ನಿಲ್ಲುತ್ತದೆ, ಯಾಕೆ ಅಂತ ಕೇಳುವ ಹಾಗಿಲ್ಲ.

ದಂಡನಾಯಕನಿಗೆ ಪದವಿ ಇದೆ ಅಂತ ಬೇರೆ ಆಟಗಾರರಿಗೆ ಅಪ್ಪಣೆ ಮಾಡುತ್ತಾ ಕೂತರೆ ಅವರಿಗೆ ಆಡಲು ಏನು ಉಳಿಯುತ್ತದೆ? ನಿಮ್ಮ ಅಪ್ಪಣೆಯನ್ನು ಮೀರಲು ಅವರಿಗೆ ಜಾಗ ಬಿಡಿ. ಮೀರಿದಾಗ ಪಾತ್ರ ಸಿಟ್ಟಾಗಲಿ, ನೀವು ಖುಷಿಪಡಿ. ವಾಟ್ಸ್‌ಆ್ಯಪ್ ಅಥವಾ ಡಿಸ್ಕಾರ್ಡ್‌ನಲ್ಲಿ ಬರೆದು ಆಡುವವರಿಗೆ ಇದು ಇನ್ನೂ ಮುಖ್ಯ. "ಅವನ ಕುತ್ತಿಗೆಗೆ ಕತ್ತಿ ಬೀಸಿದ" ಅಂತ ಬರೆಯಿರಿ, "ಅವನ ತಲೆ ಉರುಳಿತು" ಅಂತ ಬರೆಯಬೇಡಿ. ತಲೆ ಉರುಳಿತೋ ಇಲ್ಲವೋ ಅದು ಅವರ ಪಾತ್ರ, ಅವರು ಹೇಳಬೇಕು.

ಕೊನೆಗೆ ಒಂದು ಚೀಟಿ

ಪಾತ್ರ ಎಷ್ಟೇ ಕಲ್ಲಾಗಿದ್ದರೂ ಒಡೆಯುವ ಒಂದು ಗೆರೆ ಇರುತ್ತದೆ. ಯಾರ ಬಾಯಿಂದ ಯಾವ ಮಾತು ಕೇಳಿದರೆ ನಿಮ್ಮ ದಂಡನಾಯಕ ಕತ್ತಿ ಕೆಳಗಿಡುತ್ತಾನೆ? ಅದನ್ನು ಚೀಟಿಯಲ್ಲಿ ಬರೆದು ಗೇಮ್ ಮಾಸ್ಟರ್ ಕೈಗೆ ಕೊಡಿ, ಬೇರೆ ಯಾರಿಗೂ ಹೇಳಬೇಡಿ. ಮೊದಲ ದಿನವೇ ಬರೆಯಬೇಡಿ, ನಾಲ್ಕೈದು ಸೆಷನ್ ಆಗಲಿ, ಅಷ್ಟರಲ್ಲಿ ಅವನು ಯಾರು ಅಂತ ನಿಮಗೂ ಗೊತ್ತಾಗಿರುತ್ತದೆ. ಆ ಮಾತು ಯಾವಾಗ ಬರುತ್ತದೆ, ಬರುತ್ತದೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು.

ನಾನು ದೋಣಿ ಸುಟ್ಟ ಮರುವಾರ ಬರೆದು ಕೊಟ್ಟೆ. ಮುದಿ ಅರಸ ಈಗ ಆಟದಲ್ಲಿ ಹಾಸಿಗೆ ಹಿಡಿದಿದ್ದಾನೆ, ಭಾವನ ಪಟ್ಟಕ್ಕೆ ದಿನ ನೋಡುತ್ತಿದ್ದಾರೆ. ಬರುವ ಭಾನುವಾರ ಅರಸ ದುಗ್ಗಣ್ಣನನ್ನು ಒಳಗೆ ಕರೆಸುತ್ತಾನಂತೆ, ಒಬ್ಬನನ್ನೇ. ಚೀಟಿಯಲ್ಲಿ ನಾನು ಬರೆದದ್ದು "ಮಗಾ" ಅಂತ ಒಂದೇ ಶಬ್ದ.